ಸೆನ್ಸರ್ ಎಲ್ಲಿಡಬೇಕು? 85 ಅಂಕಿಗಳ ಪ್ರಶ್ನೆ

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಎರಡು ಮುಖ್ಯ ಕೇಬಲ್‌ಗಳನ್ನು ಬಿಡಿಸಿ, ಒಳಗಿನ ತಂತಿಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಎಷ್ಟು ಉದ್ದವಾದೀತು? ಸುಮಾರು 1,29,000 ಕಿಲೋಮೀಟರ್! ಭೂಮಿಗೆ ಮೂರು ಸುತ್ತು ಬಿಗಿದ ಮೇಲೂ ತಂತಿ ಮಿಗುತ್ತದೆ. ಗೋಪುರಗಳ ಎತ್ತರ 227 ಮೀಟರ್, ಅವುಗಳ ನಡುವಿನ ತೂಗು ಹಾದಿ 1,280 ಮೀಟರ್. 1937ರಿಂದ ಗಾಳಿಗೂ ವಾಹನಗಳಿಗೂ ಮೈಯೊಡ್ಡಿ ನಿಂತಿರುವ ಈ ದೈತ್ಯನ ನಡುಕ ಅಳೆಯಲು 2006ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಕೂರಿಸಿದ ವೈರ್‌ಲೆಸ್ ಸೆನ್ಸರ್ ಘಟಕಗಳು ಎಷ್ಟು ಗೊತ್ತೆ? ಬರೀ 64!

ಆದರೆ ಆ 64ರ ಚುರುಕು ನೋಡಿ. ಅವು ಕಂಪನ ಅಳೆದದ್ದು ಸೆಕೆಂಡಿಗೆ 1,000 ಸಲ. ಆ ವೇಗದಲ್ಲಿ ಇಡೀ ದಿನ ದುಡಿದರೆ ಒಂದೊಂದು ಘಟಕವೂ 8 ಕೋಟಿ 64 ಲಕ್ಷ ಅಳತೆ ಕೊಡುತ್ತದೆ. 2011ರ ಜನಗಣತಿಯ ಕರ್ನಾಟಕದಲ್ಲಿ ತಲೆಗೊಂದರಂತೆ ಹಂಚಿದರೂ ಎರಡೂವರೆ ಕೋಟಿ ಉಳಿಯುತ್ತದೆ! 64 ಘಟಕಗಳೂ ಸೇರಿದರೆ ದಿನಕ್ಕೆ ಸುಮಾರು 553 ಕೋಟಿ. ಸುಮಾರು ಒಂದೂವರೆ ದಿನ ಕಳೆಯುವಷ್ಟರಲ್ಲಿ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಒಂದೊಂದು ಅಳತೆ ಸಿದ್ಧ.

ಇವೆಲ್ಲ ಇನ್ನೂ ಸಣ್ಣ ಸಂಖ್ಯೆಗಳು. ನಿಜವಾದ ಬೆರಗು ಇರುವುದು ಸೆನ್ಸರ್‌ಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯಲ್ಲಿ. ಸೇತುವೆ ಅಲುಗುವಾಗಲೂ ಅಲುಗದ ಬಿಂದುಗಳಿರುತ್ತವೆ. ಅಲ್ಲಿಟ್ಟ ಸೆನ್ಸರ್‌ಗೆ ಆ ಅಲುಗಾಟ ಕಾಣುವುದೇ ಇಲ್ಲ. ಹಾಗಾಗಿ ಜಾಗ ಆರಿಸಲೇಬೇಕು.

15 ಆಟಗಾರರಲ್ಲಿ 11 ಮಂದಿಯ ಕ್ರಿಕೆಟ್ ತಂಡ ಕಟ್ಟಲು 1,365 ದಾರಿಗಳಿವೆ. ಅಷ್ಟಕ್ಕೇ ದೇಶವೆಲ್ಲ ಜಗಳವಾಡುತ್ತದೆ! ಈಗ ಸೇತುವೆಯ 100 ಜಾಗಗಳಲ್ಲಿ 10 ಆರಿಸಿ. ದಾರಿಗಳು 17 ಲಕ್ಷ ಕೋಟಿಗೂ ಹೆಚ್ಚು. ಸೆಕೆಂಡಿಗೊಂದರಂತೆ ಪರೀಕ್ಷಿಸುತ್ತ ಹೋದರೆ ಬೇಕಾಗುವ ಕಾಲ ಸುಮಾರು 5 ಲಕ್ಷ 48 ಸಾವಿರ ವರ್ಷ. ನಮ್ಮ ಮಾನವ ಪ್ರಭೇದಕ್ಕೇ ಆಗಿರುವ ವಯಸ್ಸು ಸುಮಾರು 3 ಲಕ್ಷ ವರ್ಷ!

ಹತ್ತು ಸಾಲದು, ಇಪ್ಪತ್ತು ಬೇಕು ಎನ್ನುತ್ತೀರಾ? ದಾರಿಗಳ ಸಂಖ್ಯೆ ಒಮ್ಮೆಲೇ 21 ಅಂಕಿಗಳಿಗೆ ಜಿಗಿಯುತ್ತದೆ. ಸೆಕೆಂಡಿಗೊಂದರಂತೆ ನೋಡಿ ಮುಗಿಸಲು 1,380 ಕೋಟಿ ವರ್ಷದ ಈ ವಿಶ್ವ ತನ್ನ ಆಯಸ್ಸನ್ನು ಸುಮಾರು 1,230 ಸಲ ಕಳೆಯಬೇಕು. ಸೆಕೆಂಡಿಗೆ 10 ಲಕ್ಷ ದಾರಿ ಪರೀಕ್ಷಿಸುವ ಕಂಪ್ಯೂಟರ್ ತಂದರೂ 1 ಕೋಟಿ 70 ಲಕ್ಷ ವರ್ಷ ಕಾಯಬೇಕು.

ಇನ್ನೂ ಮೇಲೇರೋಣ. ದೊಡ್ಡ ರಚನೆಯಲ್ಲಿ 1,000 ಜಾಗ ಗುರುತಿಸುವುದು ಏನೇನೂ ಕಷ್ಟವಲ್ಲ. ಹಾಂಗ್‌ಕಾಂಗ್‌ನ ಚಿಂಗ್ ಮಾ ತೂಗುಸೇತುವೆಗೆ ಕೂರಿಸಿದ ಸೆನ್ಸರ್‌ಗಳೇ ಸುಮಾರು 280. ನಾವು 1,000ದಲ್ಲಿ ಕೇವಲ 50 ಆರಿಸೋಣ. ದಾರಿಗಳ ಲೆಕ್ಕ 85 ಅಂಕಿಗಳ ಸಂಖ್ಯೆ! ಕಾಣುವ ವಿಶ್ವದ ಪರಮಾಣುಗಳ ಅಂದಾಜು 1ರ ಮುಂದೆ 80 ಸೊನ್ನೆ. ಪ್ರತಿ ಪರಮಾಣುವಿಗೂ ಹಂಚಿದರೆ ಒಂದೊಂದರ ಪಾಲಿಗೆ 94 ಸಾವಿರ ದಾರಿಗಳು ಬರುತ್ತವೆ!

1991ರಲ್ಲಿ ಡೇನಿಯಲ್ ಕ್ಯಾಮರ್ ಎಂಬ ಎಂಜಿನಿಯರ್ ಬೃಹತ್ ಬಾಹ್ಯಾಕಾಶ ರಚನೆಗಳಿಗಾಗಿ ಈ ಆಯ್ಕೆಯ ಪ್ರಶ್ನೆಯನ್ನೇ ತಲೆಕೆಳಗು ಮಾಡಿದರು. ಆರಿಸಬೇಡಿ, ತೆಗೆದುಹಾಕಿ! ಎಲ್ಲ 1,000 ಜಾಗಗಳಿಂದ ಶುರುಮಾಡಿ, ಪ್ರತಿ ಹೆಜ್ಜೆಗೂ ಅತಿ ಕಡಿಮೆ ಮಾಹಿತಿ ಕೊಡುವ ಒಂದನ್ನು ಬಿಡುತ್ತ ಬಂದರೆ 50ಕ್ಕೆ ಇಳಿಯಲು 950 ಹೆಜ್ಜೆ ಸಾಕು. ಸೆಕೆಂಡಿಗೊಂದರಂತೆ ಬಿಟ್ಟರೆ 16 ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಸಿಕ್ಕ 50 ಜಾಗಗಳೇ ಎಲ್ಲಕ್ಕಿಂತ ಶ್ರೇಷ್ಠ ಎಂಬ ಖಾತ್ರಿಯಿಲ್ಲ. ಆದರೂ ಇದೇ ಜಾಡಿನ ಲೆಕ್ಕವನ್ನು ಇಂದು ಸೇತುವೆಗಳಿಗೂ ಬಳಸುತ್ತಾರೆ. ವಿಶ್ವದ ಆಯಸ್ಸೂ ಸಾಲದ ಪ್ರಶ್ನೆಗೆ ಒಳ್ಳೆಯ ಉತ್ತರವೊಂದು 950 ಹೆಜ್ಜೆಗಳಲ್ಲಿ ಸಿಗುತ್ತದೆ.