ಆಳ ನಿರ್ಧರಿಸೋದು ಯಾರು? ರೇಕ್‌ಗೆ ಎರಡು ಗಾಲಿ ಹಾಕಿದ ಕಥೆ

ಇವತ್ತಿನ ವಿಷಯ ಟ್ರ್ಯಾಕ್ಟರ್ ಹಿಂದೆ ಕಟ್ಟೋ ಲ್ಯಾಂಡ್‌ಸ್ಕೇಪ್ ರೇಕ್, ಮತ್ತೆ ಅದಕ್ಕೆ ಹಾಕೋ ಎರಡು ಸಣ್ಣ ಗಾಲಿ. ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿಯೋ ನಮಗೆ ಇದರ ಸಹವಾಸ ಹೇಗೆ ಬಂತು ಅಂತ ಮೊದಲು ಹೇಳಿಬಿಡ್ತೀವಿ.

ನ್ಯೂಜೆರ್ಸಿಯ ವಾಯುವ್ಯ ಮೂಲೆಯಲ್ಲಿ ಸಸೆಕ್ಸ್ ಕೌಂಟಿ ಇದೆ. ಅಲ್ಲಿ ನಮಗೆ ಬೇಕಾದ ಒಂದು ಕನ್ನಡ ಕುಟುಂಬ ಸ್ವಲ್ಪ ಜಮೀನು ಇಟ್ಟುಕೊಂಡಿದೆ. ಸೆಪ್ಟೆಂಬರ್‌ನಲ್ಲಿ ಅರ್ಧ ಎಕರೆಗೆ ಹೊಸದಾಗಿ ಹುಲ್ಲು ಬಿತ್ತಬೇಕಿತ್ತು. ಸಣ್ಣ ಟ್ರ್ಯಾಕ್ಟರ್, ಐದು ಅಡಿ ಅಗಲದ ರೇಕ್, ಎರಡೂ ಮನೆಯಲ್ಲೇ ಇದ್ದವು. ನಾವು ಹುಮ್ಮಸ್ಸಿನಿಂದ ಹತ್ತಿ ಕೂತು ನೆಲ ಕೆರೆದು, ಬೀಜ ಚೆಲ್ಲಿ, ಮತ್ತೊಂದು ಸಲ ಮೇಲೆ ರೇಕ್ ಎಳೆದು ಬಂದೆವು. ಮೂರು ವಾರ ಬಿಟ್ಟು ಹೋದರೆ ನೆಲದ ತುಂಬ ಹುಲಿಪಟ್ಟೆ! ಒಂದು ಪಟ್ಟೆ ಹಸಿರು, ಒಂದು ಪಟ್ಟೆ ಬೋಳು. ಮನೆಯ ಆಂಟಿ ನಗ್ತಾನೇ ಕೇಳಿದರು: "ಏನ್ರಪ್ಪಾ, ಬಯಾಲಜೀಲಿ ಡಾಕ್ಟರೇಟ್ ಮಾಡಿದ್ದೀರ, ಹುಲ್ಲು ಹುಟ್ಟಿಸೋಕೆ ಬರ್ಲಿಲ್ವಾ?"

ನಗು ಬಂದರೂ ನಷ್ಟ ನಿಜ. ಈ ಕಡೆ ಇಂಥ ಹುಲ್ಲು ಬಿತ್ತೋಕೆ ಒಳ್ಳೆ ಕಾಲ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆವರೆಗೆ. ಅದು ಕೈತಪ್ಪಿತು. ಚಳಿಗಾಲದ ಮಳೆ, ಕರಗೋ ಹಿಮ, ಎರಡೂ ಬೋಳು ಪಟ್ಟೆಯ ಮೇಲ್ಮಣ್ಣನ್ನ ಇಳಿಜಾರಿಗೆ ಒಯ್ದವು. ಮೊದಲೇ ಅಲ್ಲಿ ಮೇಲ್ಮಣ್ಣು ತೆಳು.

ಬೋಳು ಪಟ್ಟೆಯಲ್ಲಿ ಬೀಜ ಇರಲಿಲ್ಲವಾ? ಇತ್ತು. ಕೆದಕಿ ನೋಡಿದಾಗ ಮೂರು, ನಾಲ್ಕು ಸೆಂಟಿಮೀಟರ್ ಕೆಳಗೆ ಸಿಕ್ಕಿತು. ನಾವು ಬಿತ್ತಿದ್ದು ಟಾಲ್ ಫೆಸ್ಕ್ಯೂ ಅನ್ನೋ ಹುಲ್ಲು. ಇದರ ಬೀಜ ಗ್ರಾಮಿಗೆ ಸುಮಾರು 500 ಬರುತ್ತೆ, ಅಂದರೆ ಒಂದೊಂದು ಎರಡು ಮಿಲಿಗ್ರಾಂ. ಹೆಚ್ಚುಕಮ್ಮಿ ರಾಗಿ ಕಾಳಿನ ತೂಕ ಅಂದುಕೊಳ್ಳಿ. ಅಷ್ಟರೊಳಗಿನ ಪಿಷ್ಟವೇ ಮೊಳಕೆಗೆ ದಾರಿಯ ಬುತ್ತಿ. ಬೆಳಕು ಸಿಗೋವರೆಗೂ ಅದು ಈ ಬುತ್ತಿ ಉಂಡೇ ಮೇಲೆ ಬರಬೇಕು. ಆರರಿಂದ ಹನ್ನೆರಡು ಮಿಲಿಮೀಟರ್ ಆಳವಾದರೆ ಸಲೀಸು. ನಾಲ್ಕು ಸೆಂಟಿಮೀಟರ್ ಆದರೆ ದಾರಿ ಮಧ್ಯದಲ್ಲೇ ಬುತ್ತಿ ಖಾಲಿ.

ಇನ್ನೊಂದು ತೊಂದರೆಯೂ ಇದೆ. ಮಣ್ಣಿನೊಳಗೆ ಕಳೆಬೀಜಗಳು ಮಲಗಿರ್ತವೆ. ಎಷ್ಟು ಕಾಲ ಅಂತೀರಾ? 1879ರಲ್ಲಿ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನೋ ಸಸ್ಯಶಾಸ್ತ್ರಜ್ಞರು ಬೀಜಗಳನ್ನ ಬಾಟಲಿಗಳಲ್ಲಿ ತುಂಬಿ ಹೂತಿಟ್ಟರು. 2021ರಲ್ಲಿ ಒಂದು ಬಾಟಲಿ ತೆಗೆದಾಗ, 141 ವರ್ಷದ ಮೇಲೂ ಕೆಲವು ಬೀಜ ಮೊಳೆತವು! ಇಂಥ ಎಷ್ಟೋ ಬೀಜಗಳಿಗೆ ಏಳೋ ಸಂಕೇತವೇ ಬೆಳಕು. ಅವುಗಳಲ್ಲಿರೋ ಫೈಟೋಕ್ರೋಮ್ ಅನ್ನೋ ಪ್ರೋಟೀನು ಕೆಂಪು ಬೆಳಕನ್ನ ಗುರುತಿಸುತ್ತೆ. ರೇಕ್ ಆಳಕ್ಕೆ ಇಳಿದಾಗ ನಾವು ನಮ್ಮ ಬೀಜವನ್ನ ಹೂಳ್ತೀವಿ, ಕಳೆಯ ಬೀಜವನ್ನ ಎಬ್ಬಿಸ್ತೀವಿ.

ಹಾಗಾದರೆ ರೇಕ್ ಯಾಕೆ ಒಂದೇ ಆಳದಲ್ಲಿ ಹೋಗಲಿಲ್ಲ? ಏತದ ಮರ ನೆನಪಿಸಿಕೊಳ್ಳಿ. ಒಂದು ತುದಿ ಎದ್ದರೆ ಇನ್ನೊಂದು ತುದಿ ಇಳಿಯುತ್ತೆ. ಟ್ರ್ಯಾಕ್ಟರ್‌ನ ಹಿಂದಿನ ಅಚ್ಚೇ ಇಲ್ಲಿ ನಡುಗಂಬ. ನಾವು ಓಡಿಸಿದ್ದರಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 160 ಸೆಂಟಿಮೀಟರ್. ರೇಕಿನ ಹಲ್ಲು ಹಿಂದಿನ ಅಚ್ಚಿನಿಂದ 120 ಸೆಂಟಿಮೀಟರ್ ಹಿಂದೆ. ಮುಂದಿನ ಎರಡೂ ಗಾಲಿ 5 ಸೆಂಟಿಮೀಟರ್ ಕಲ್ಲು ಹತ್ತಿದವು ಅನ್ನಿ. ಹಿಂದೆ ಹಲ್ಲು 3.75 ಸೆಂಟಿಮೀಟರ್ ಕೆಳಗೆ ಇಳಿಯುತ್ತೆ. ಕಲ್ಲು ದಾಟಿದ ಮೇಲೆ ಮತ್ತೆ ಏಳುತ್ತೆ. ಅದೇ ನಮ್ಮ ಹುಲಿಪಟ್ಟೆ. ಲಿವರನ್ನ ಪೂರ್ತಿ ಕೆಳಗೆ ಬಿಟ್ಟು ರೇಕನ್ನ ನೆಲದ ಮೇಲೇ ಕೂರಿಸಬಹುದಲ್ವಾ? ಬಹುದು. ಆದರೆ ಆಗ ನೂರು ಕಿಲೋ ತೂಕ ಹಲ್ಲುಗಳ ಮೇಲೇ ಬಿತ್ತು. ಮೆತ್ತಗಿದ್ದ ಕಡೆ ಅಗೆಯುತ್ತೆ, ಗಟ್ಟಿ ಇದ್ದ ಕಡೆ ಜಾರುತ್ತೆ.

ಊರಲ್ಲಿ ಹಲುಬೆ ಹೊಡೆಯೋರನ್ನ ನೋಡಿದ್ದೀರಾ? ಎತ್ತಿನ ಹಿಂದೆ ನಡೀತಾ ಬೇಕಾದ ಕಡೆ ಅದುಮುತ್ತಾರೆ, ಬೇಡದ ಕಡೆ ಸ್ವಲ್ಪ ಎತ್ತಿ ಹಿಡೀತಾರೆ. ಆಳ ನಿರ್ಧರಿಸೋದು ಅವರ ಕೈ. ಟ್ರ್ಯಾಕ್ಟರಿನಲ್ಲಿ ಮುಂದೆ ನೋಡ್ತಾ ಕೂತ ನಮಗೆ ಆ ಕೈ ಇಲ್ಲ.

ಈ ಪ್ರಶ್ನೆಗೆ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಒಂದು ಜಾಣ ಉತ್ತರ ಕೊಟ್ಟಿದ್ದರು. ಊರಲ್ಲಿ ಮ್ಯಾಸಿ ಟ್ರ್ಯಾಕ್ಟರ್ ನೋಡಿದ್ದರೆ, ಮ್ಯಾಸಿ ಫರ್ಗ್ಯುಸನ್ ಹೆಸರಲ್ಲಿರೋ ಫರ್ಗ್ಯುಸನ್ ಇವರೇ. ನೇಗಿಲು ಆಳಕ್ಕೆ ಹೋದರೆ ಎಳೆತ ಜಾಸ್ತಿ ಆಗುತ್ತೆ. ಆ ಎಳೆತವನ್ನ ಗುರುತಿಸಿ ಹೈಡ್ರಾಲಿಕ್ ತಾನೇ ನೇಗಿಲನ್ನ ಒಂದಿಷ್ಟು ಎತ್ತುತ್ತೆ. 1938ರಲ್ಲಿ ಅವರು ಇದನ್ನ ಹೆನ್ರಿ ಫೋರ್ಡ್‌ಗೆ ತೋರಿಸಿದರು, 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ನೇಗಿಲಿಗೆ ಆಳದ ಗಾಲಿ ಬೇಕಿಲ್ಲ ಅನ್ನೋದೇ ಅದರ ಹೆಗ್ಗಳಿಕೆ. ಆದರೆ ರೇಕಿನ ಎಳೆತ ತೀರ ಕಮ್ಮಿ, ಗುರುತಿಸೋಕೆ ಅಲ್ಲಿ ಏನೂ ಇಲ್ಲ. ಎಷ್ಟೋ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಆ ವ್ಯವಸ್ಥೆಯೂ ಇರಲ್ಲ. ಹಾಗಾಗಿ ಫರ್ಗ್ಯುಸನ್ ತೆಗೆದುಹಾಕಿದ ಗಾಲಿಯನ್ನ ನಾವು ವಾಪಸ್ ತರಬೇಕು.

ಇದಕ್ಕೆ ಗೇಜ್ ವೀಲ್ ಅಂತ ಹೆಸರು. ರೇಕಿನ ಹಿಂದೆ, ಆಗಲೇ ಕೆರೆದು ಸಮ ಮಾಡಿದ ನೆಲದ ಮೇಲೆ ಇವು ಉರುಳ್ತವೆ. ರೇಕಿನ ತೂಕ ಗಾಲಿಗೆ ಹೋಗುತ್ತೆ, ಆಳವನ್ನ ನೆಲವೇ ಹೇಳುತ್ತೆ. ಟ್ರ್ಯಾಕ್ಟರ್ ಓಲಾಡಿದರೆ ರೇಕೂ ಒಂಚೂರು ವಾಲುತ್ತೆ ನಿಜ. ಆದರೆ ನಮ್ಮ ಗಾಲಿ ಹಲ್ಲಿನಿಂದ 35 ಸೆಂಟಿಮೀಟರ್ ಹಿಂದೆ ಇದೆ. ಅದೇ 5 ಸೆಂಟಿಮೀಟರ್ ಕಲ್ಲಿಗೆ ಈಗ ಹಲ್ಲಿನ ಏರುಪೇರು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಗಾಲಿ ಹಲ್ಲಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ಅಂಗಡಿಯಲ್ಲಿ ಸಿದ್ಧ ಜೋಡಿಗೆ ಕೆಲವು ನೂರು ಡಾಲರ್ ಬೇಕು. ಅದಕ್ಕೇ ಮನೆಯಲ್ಲೇ ಮಾಡೋಣ ಅಂತ ಹೊರಟೆವು. ಮೊದಲ ಪ್ರಯತ್ನ ಸಾಮಾನು ತಳ್ಳೋ ಗಾಡಿಯ ಸಣ್ಣ ಗಾಲಿಗಳದ್ದು. ಮೆತ್ತನೆ ಮಣ್ಣಲ್ಲಿ ಕಿರಿದಾದ ಗಾಲಿ ಹೂತುಹೋಯ್ತು, ಎರಡನೇ ಸುತ್ತಿಗೆ ಒಂದರ ಕವಲು ಬಾಗಿತು. ಎರಡನೇ ಸಲ ಗುಜರಿಯಲ್ಲಿ ಹಳೇ ಫಿನಿಶ್ ಮೊವರ್, ಅಂದರೆ ಟ್ರ್ಯಾಕ್ಟರ್ ಹಿಂದೆ ಕಟ್ಟೋ ಹುಲ್ಲು ಕತ್ತರಿಸೋ ಯಂತ್ರ ಸಿಕ್ಕಿತು. ಅದರ ಗಾಲಿ ಅಗಲ, ಸುತ್ತಲೂ ತಿರುಗುತ್ತೆ, ಮತ್ತೆ ಅದರ ನಿಲುಗಂಬಿಯಲ್ಲಿ ಬಳೆಯಂಥ ಸ್ಪೇಸರ್‌ಗಳಿವೆ. ಬಳೆ ಮೇಲೆ ಕೆಳಗೆ ಬದಲಿಸಿದರೆ ಎತ್ತರ ಬದಲಾಗುತ್ತೆ. ಗಾಲಿ ತಿರುಗೋದು ಮುಖ್ಯ. ರೇಕನ್ನ ಓರೆ ಮಾಡಿ ಎಳೆಯುವಾಗ, ತಿರುವಿನಲ್ಲಿ, ನೇರ ಗಾಲಿ ನೆಲವನ್ನ ಅಡ್ಡಕ್ಕೆ ಕೆರೆಯುತ್ತೆ.

ಎರಡು ಚೌಕ ಕೊಳವೆಯ ತೋಳುಗಳನ್ನ ರೇಕಿನ ಚೌಕಟ್ಟಿಗೆ ಯು ಬೋಲ್ಟ್ ಹಾಕಿ ಬಿಗಿದೆವು. ಬೆಸುಗೆ ಬೇಕಾಗಿದ್ದು ತೋಳಿನ ತುದಿಗೆ ಮಾತ್ರ, ಅದನ್ನ ಗೊತ್ತಿರೋರ ಕೈಲಿ ಮಾಡಿಸಿದೆವು. ಸತುವಿನ ಲೇಪ ಇರೋ ಕೊಳವೆ ಬೇಡ, ಬೆಸುಗೆಯಲ್ಲಿ ಅದರ ಹೊಗೆ ಕುಡಿದರೆ ಜ್ವರ ಬರುತ್ತೆ. ಒಟ್ಟು ಖರ್ಚು 90 ಡಾಲರ್ ಚಿಲ್ಲರೆ.

ಆಳ ಹೊಂದಿಸೋದು ಸುಲಭ. ಸಮ ಕಾಂಕ್ರೀಟ್ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ. ಒಂದು ಸೆಂಟಿಮೀಟರ್ ಆಳ ಬೇಕಾ? ಒಂದು ಸೆಂಟಿಮೀಟರ್ ದಪ್ಪದ ಹಲಗೆಯನ್ನ ಎರಡೂ ಗಾಲಿ ಕೆಳಗಿಟ್ಟು, ಹಲ್ಲು ನೆಲ ಮುಟ್ಟೋ ಹಾಗೆ ಬಳೆ ಹೊಂದಿಸಿ. ಹೊಲದಲ್ಲಿ ಲಿವರ್ ಪೂರ್ತಿ ಕೆಳಗೆ ಇರಲಿ. ಹತ್ತು ಅಡಿ ಹೋಗಿ ಇಳಿದು ಸ್ಕೇಲ್ ಇಟ್ಟು ನೋಡಿ, ಯಾಕೆಂದರೆ ಗಾಲಿ ಹೂತಷ್ಟೂ ಹಲ್ಲು ಇಳಿಯುತ್ತೆ. ರಿವರ್ಸ್ ಹೋಗೋ ಮೊದಲು ರೇಕ್ ಎತ್ತಿ. ಇನ್ನೊಂದು ಮಾತು: ನಮ್ಮ ಗಾಲಿ, ತೋಳು ಸೇರಿ 20 ಕಿಲೋ. ರೇಕ್ ಎತ್ತಿದಾಗ ಮುಂದಿನ ಗಾಲಿಗಳ ಮೇಲಿನ ತೂಕ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ. ಏರುನೆಲದಲ್ಲಿ ಹುಷಾರು. ಎತ್ತಿದ ರೇಕಿನ ಕೆಳಗೆ ದಿಮ್ಮಿ ಕೊಡದೆ ಕೈ ಹಾಕಲೇಬೇಡಿ.

ಕೊನೆಗೆ, ಅಷ್ಟೊಂದು ಕಲ್ಲು ಎಲ್ಲಿಂದ ಬಂತು? ಇಪ್ಪತ್ತು ಸಾವಿರ ವರ್ಷಕ್ಕೂ ಹಿಂದೆ ಉತ್ತರದಿಂದ ಬಂದ ಹಿಮದ ಹಾಳೆ ಪರ್ತ್ ಆಂಬಾಯ್‌ನಿಂದ ಬೆಲ್ವಿಡೇರ್‌ವರೆಗೆ, ನ್ಯೂಜೆರ್ಸಿಗೆ ಅಡ್ಡಲಾಗಿ ಬಂದು ನಿಂತಿತು. ಹೊತ್ತು ತಂದ ಕಲ್ಲು ಮಣ್ಣನ್ನ ಬಿಟ್ಟು ಕರಗಿತು. ಸಸೆಕ್ಸ್ ಆ ಗೆರೆಯ ಉತ್ತರಕ್ಕಿದೆ. ಪ್ರತಿ ಚಳಿಗಾಲ ಕಲ್ಲಿನ ಕೆಳಗೆ ನೀರು ಹೆಪ್ಪುಗಟ್ಟಿ ಅದನ್ನ ಮೇಲೆ ನೂಕುತ್ತೆ, ಕರಗುವಾಗ ಸಣ್ಣ ಮಣ್ಣು ಆ ಸಂದಿಗೆ ಜಾರಿ ಕಲ್ಲನ್ನ ವಾಪಸ್ ಕೂರಲು ಬಿಡಲ್ಲ. ಅಂದರೆ ಕಲ್ಲು ವರ್ಷವರ್ಷವೂ ಬರ್ತಾನೇ ಇರುತ್ತೆ, ರೇಕಿನ ಕೆಲಸ ಮುಗಿಯಲ್ಲ.

ಮುಂದಿನ ಆಗಸ್ಟ್‌ನಲ್ಲಿ ಗಾಲಿ ಹಾಕಿ ಮತ್ತೆ ಬಿತ್ತಿದೆವು. ಪಟ್ಟೆ ಪೂರ್ತಿ ಹೋಗಲಿಲ್ಲ, ಒಂದು ಗುಂಡಿಗೆ ಗಾಲಿ ಇಳಿದ ಕಡೆ ಒಂದು ಬೋಳು ಉಳಿಯಿತು. ಉಳಿದಿದ್ದೆಲ್ಲ ಹಸಿರು. ಮೊದಲ ಮಳೆಗೆ ನೀರು ತಿಳಿಯಾಗಿ ಹರಿದು ಹೋಯ್ತು, ಮಣ್ಣು ಅಲ್ಲೇ ಉಳಿಯಿತು. ಆಂಟಿ ಏನಂದರು? "ಈ ಸಲ ಊಟ ಮಾಡ್ಕೊಂಡು ಹೋಗಿ."

ನಿಮ್ಮ ಊರಲ್ಲಿ ಆಳ ಹಿಡಿಯೋಕೆ ಏನು ಉಪಾಯ ಮಾಡ್ತಾರೆ? ನಮಗೆ ಬರೆದು ತಿಳಿಸಿ.