ಪಿಸ್ತೂಲಿಲ್ಲದ ಒರೆ

1881ರ ಅಕ್ಟೋಬರ್ 26ರ ಮಧ್ಯಾಹ್ನ ಅಮೆರಿಕದ ಅರಿಜೋನಾದಲ್ಲಿ, ಟೂಂಬ್‌ಸ್ಟೋನ್ ಎಂಬ ಬೆಳ್ಳಿ ಗಣಿಯ ಊರಿನಲ್ಲಿ, ಅರ್ಧ ನಿಮಿಷದಷ್ಟು ಹೊತ್ತು ಗುಂಡು ಹಾರಿತು. ಮೂವರು ಸತ್ತರು. ‘ಓ.ಕೆ. ಕೊರಾಲ್’ ಎಂದು ಹೆಸರಾದ ಆ ಜಗಳವನ್ನು ಹಾಲಿವುಡ್ ಮತ್ತೆ ಮತ್ತೆ ಸಿನಿಮಾ ಮಾಡಿದೆ. ತೊಡೆಯ ಮೇಲೆ ಇಳಿಬಿದ್ದ ಚರ್ಮದ ಒರೆ, ಅದರ ಮೇಲೆ ತೇಲುತ್ತಿರುವ ಬೆರಳು, ಕಣ್ಣು ಮಿಟುಕಿಸುವುದರೊಳಗೆ ಹೊರಬರುವ ರಿವಾಲ್ವರ್! ಆದರೆ ಆ ಸಿನಿಮಾಗಳ ನಾಯಕ ವಯಟ್ ಅರ್ಪ್ ಜಗಳದ ಆಮೇಲೆ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಯೇ ಬೇರೆ. ಅವನ ಪಿಸ್ತೂಲು ಇದ್ದದ್ದು ಓವರ್‌ಕೋಟಿನ ಜೇಬಿನಲ್ಲಿ. ಊರೊಳಗೆ ಆಯುಧ ಹೊತ್ತು ತಿರುಗಬಾರದೆಂದು ಆ ವರ್ಷದ ಏಪ್ರಿಲ್‌ನಲ್ಲೇ ಅಲ್ಲಿನ ಪುರಸಭೆ ಕಟ್ಟಳೆ ಮಾಡಿತ್ತು. ಅಂದಿನ ಜಗಳಕ್ಕೆ ಕಿಡಿ ಹಚ್ಚಿದ್ದೂ ಆ ಕಟ್ಟಳೆಯೇ.

ನಾವು ಚಿಕ್ಕವರಿದ್ದಾಗ ದೀಪಾವಳಿಗೆ ಕೊಡಿಸುತ್ತಿದ್ದ ರೋಲ್ ಕ್ಯಾಪ್ ಪಿಸ್ತೂಲನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆವು. ಸಿನಿಮಾದವರಿಗೆ ಇರುವಂಥ ಒರೆ ನಮಗಿಲ್ಲವಲ್ಲ ಎಂಬ ಕೊರಗು ಪಟಾಕಿ ಮುಗಿದ ಮೇಲೂ ಉಳಿಯುತ್ತಿತ್ತು. ವೈಲ್ಡ್ ಬಿಲ್ ಹಿಕಾಕ್‌ನಂಥ ಹೆಸರಾಂತ ಗುರಿಕಾರ ಕೂಡ ತನ್ನ ಜೋಡಿ ಕೋಲ್ಟ್ ರಿವಾಲ್ವರುಗಳನ್ನು ನಡುವಿಗೆ ಸುತ್ತಿದ ವಸ್ತ್ರದಲ್ಲಿ, ಹಿಡಿಕೆ ಮುಂದೆ ಮಾಡಿ, ಸಿಕ್ಕಿಸಿಕೊಳ್ಳುತ್ತಿದ್ದ ಎಂದು ಎಷ್ಟೋ ವರ್ಷದ ಮೇಲೆ ಓದಿದಾಗ ಆ ಕೊರಗು ಇಳಿಯಿತು. ಹಾಗೆಂದು ಒರೆಯಿಲ್ಲದೆ ತಿರುಗುವುದು ಕ್ಷೇಮವೇನಲ್ಲ. ಜಾನ್ ವೆಸ್ಲಿ ಹಾರ್ಡಿನ್ ಎಂಬ ಕೊಲೆಗಡುಕ 1877ರಲ್ಲಿ ಫ್ಲಾರಿಡಾದ ರೈಲಿನಲ್ಲಿ ಸಿಕ್ಕಿಬಿದ್ದದ್ದು ಅವನ ಪಿಸ್ತೂಲು ಪ್ಯಾಂಟಿನ ಸಸ್ಪೆಂಡರ್‌ಗೆ ತೊಡರಿಕೊಂಡಿದ್ದರಿಂದ ಎನ್ನುತ್ತಾರೆ.

ಹಾಗಾದರೆ ನಿಜವಾದ ಒರೆ ಹೇಗಿತ್ತು? ಅಮೆರಿಕದಲ್ಲಿ ಹಳೆಯ ಒರೆಗಳನ್ನು ಹುಡುಕಿ ಕೂಡಿಡುವವರು, ಅವುಗಳ ಅಳತೆ ತೆಗೆದು ಹಾಗೆಯೇ ಹೊಲಿಯುವವರು ಈ ಪ್ರಶ್ನೆಗೇ ಜೀವ ತೇಯುತ್ತಾರೆ.

ಒರೆ ಹುಟ್ಟಿದ್ದು ಸೊಂಟದ ಮೇಲಲ್ಲ, ಕುದುರೆಯ ಮೇಲೆ. 1847ರ ವಾಕರ್ ಕೋಲ್ಟ್ ರಿವಾಲ್ವರು ಸುಮಾರು 2 ಕಿಲೋ ತೂಗುತ್ತಿತ್ತು. ಅದನ್ನು ನಡುವಿಗೆ ಕಟ್ಟಿಕೊಂಡು ನಡೆದಾಡುವುದುಂಟೇ? ಜೀನಿನ ಮುಂಭಾಗದಲ್ಲಿ ಅತ್ತೊಂದು ಇತ್ತೊಂದು ಚರ್ಮದ ಚೀಲ ತೂಗುಬಿಟ್ಟು ಅದರಲ್ಲಿ ಇಡುತ್ತಿದ್ದರು. ಹಗುರವಾದ 1851ರ ನೇವಿ ಮಾದರಿ ಬಂದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಹುಚ್ಚು ಹತ್ತಿದ ಆ ದಿನಗಳಲ್ಲೇ, ರಿವಾಲ್ವರು ಮನುಷ್ಯನ ಸೊಂಟಕ್ಕೆ ಬಂತು. ಹೊಲಿದುಕೊಟ್ಟವರು ಜೀನು ಹೊಲಿಯುವವರೇ. ನಮ್ಮಲ್ಲಿ ಜೀನಗಾರರು ಅನ್ನುತ್ತಿದ್ದೆವಲ್ಲ, ಅಂಥವರು. ಸ್ಯಾನ್ ಫ್ರಾನ್ಸಿಸ್ಕೊದ ಮೇನ್ ಅಂಡ್ ವಿಂಚೆಸ್ಟರ್ ಅಂಗಡಿ ಆ ಕಾಲದ ದೊಡ್ಡ ಹೆಸರು.

ಅಲ್ಲಿ ರೂಢಿಗೆ ಬಂದ ಕ್ಯಾಲಿಫೋರ್ನಿಯಾ ಮಾದರಿಗೆ ಇಂದಿನ ಸಂಗ್ರಾಹಕರು ಇಟ್ಟ ಅಡ್ಡಹೆಸರು ‘ಸ್ಲಿಮ್ ಜಿಮ್’. ಹೆಸರಿಗೆ ತಕ್ಕ ಸಪೂರ ಮೈ. ರಿವಾಲ್ವರಿನ ಉಬ್ಬುತಗ್ಗುಗಳನ್ನೇ ಅನುಸರಿಸಿ ಇಳಿಯುವ ಒಂದೇ ಮಡಿಕೆಯ ಚರ್ಮ, ಒಂದೇ ಬದಿಗೆ ಹೊಲಿಗೆ, ಬಾಯಿಯ ಅಂಚಿನಲ್ಲಿ ಹಾವಿನಂತೆ ತಿರುಗುವ ಬಾಗು, ಬೆನ್ನಿಗೆ ಬೆಲ್ಟು ತೂರಿಸಲು ಸಣ್ಣದೊಂದು ಪಟ್ಟಿ. ಕೆಲವಕ್ಕೆ ಮೈತುಂಬ ಬಳ್ಳಿ ಕೆತ್ತನೆ. ನನ್ನನ್ನು ಕೇಳಿದರೆ ಇಡೀ ವಂಶದಲ್ಲಿ ಇದರಷ್ಟು ಚೆಂದದ್ದು ಮತ್ತೊಂದಿಲ್ಲ.

ಆದರೆ ದನಗಾಹಿಗಳ ಬಯಲುಸೀಮೆಯನ್ನು ಆಳಿದ್ದು ‘ಮೆಕ್ಸಿಕನ್ ಲೂಪ್’. 1870ರ ದಶಕದಲ್ಲಿ ಹರಡಿದ ಈ ಮಾದರಿಯ ಮೂಲ ಮೆಕ್ಸಿಕೊ ಎಂದು ಹೆಸರೇ ಹೇಳುತ್ತದೆ. ಇದರ ಜಾಣತನ ನೋಡಬೇಕು. ಒಂದೇ ತುಂಡು ಚರ್ಮ. ಅದರ ಒಂದು ಭಾಗವನ್ನು ಮಡಿಸಿ ಹೊಲಿದರೆ ರಿವಾಲ್ವರು ಕೂರುವ ಚೀಲವಾಯಿತು. ಮೇಲೆ ಉಳಿದ ಅಗಲವಾದ ಸೆರಗನ್ನು ಹಿಂದಕ್ಕೆ ಮಗುಚಿ ಚೀಲದ ಬೆನ್ನಿಗೆ ಇಳಿಬಿಡುತ್ತಾರೆ; ಮಗುಚಿದ ಜಾಗದಲ್ಲಿ ಬೆಲ್ಟು ಹಾಯುತ್ತದೆ. ಸೆರಗಿನಲ್ಲಿ ಅಡ್ಡಲಾಗಿ ಸೀಳು ಕೊಯ್ದು, ಆ ಸೀಳುಗಳೊಳಗೆ ಚೀಲವನ್ನೇ ತೂರಿಸಿಬಿಟ್ಟರೆ ಮುಗಿಯಿತು. ಬಕಲ್ ಬೇಡ, ಬೆಲ್ಟಿಗೆ ಹೊಲಿಗೆ ಬೇಡ. ಕಿತ್ತುಹೋಗಲು ಏನಾದರೂ ಇದ್ದರೆ ತಾನೇ ಕಿತ್ತುಹೋಗುವುದು! ವಯೋಮಿಂಗಿನ ಷೈಯೆನ್ ಊರಿನ ಫ್ರ್ಯಾಂಕ್ ಮೀನಿಯಾ ಮುಂತಾದವರು ಇದರ ತುದಿಗೆ ಸಣ್ಣ ಚರ್ಮದ ಬಿಲ್ಲೆ ಇಟ್ಟು ಹೊಲಿದು ತಮ್ಮದೇ ಛಾಪು ಮೂಡಿಸಿದರು.

1873ರಲ್ಲಿ ಕೋಲ್ಟ್ ಕಂಪನಿಯ ‘ಸಿಂಗಲ್ ಆ್ಯಕ್ಷನ್ ಆರ್ಮಿ’ ಬಂದಾಗ ಲೋಹದ ತೋಟಾಗಳ ಕಾಲ. ಬೆಲ್ಟಿನ ಮೈಗೆ ತೋಟಾ ಸಿಕ್ಕಿಸುವ ಕುಣಿಕೆಗಳ ಸಾಲು ಬಂತು. ಕೆಲವು ಬೆಲ್ಟುಗಳು ಎರಡು ಪದರದವು, ನಡುವೆ ಟೊಳ್ಳು. ಅದರೊಳಗೆ ನಾಣ್ಯ ತುಂಬಿ ಕಟ್ಟಿಕೊಳ್ಳುತ್ತಿದ್ದರು. ಸಂತೆಗೆ ಹೋಗುವಾಗ ನಮ್ಮಜ್ಜಂದಿರು ನಡುವಿಗೆ ಬಿಗಿಯುತ್ತಿದ್ದ ಹಮ್ಮಿಣಿ ನೆನಪಾಗುತ್ತದೆ.

ಈ ಹಳೆಯ ಒರೆಗಳೆಲ್ಲ ಆಳವಾದವು, ಸೊಂಟದ ಎತ್ತರದಲ್ಲೇ ಕೂರುವವು. ಎಷ್ಟೋ ಒರೆಗಳಲ್ಲಿ ಕುದುರೆ (ಟ್ರಿಗರ್) ಕೂಡ ಚರ್ಮದೊಳಗೇ ಹುದುಗಿರುತ್ತದೆ. ದಿನವಿಡೀ ಜೀನಿನ ಮೇಲೆ ಕುಲುಕಾಡುವವನಿಗೆ ಪಿಸ್ತೂಲು ಬೇಗ ಹೊರಬರುವುದಕ್ಕಿಂತ ಬಿದ್ದುಹೋಗದಿರುವುದು ಮುಖ್ಯ. ಧೂಳು, ಮಳೆ, ಮುಳ್ಳುಕಂಟಿಗಳಿಂದ ಅದನ್ನು ಕಾಯಬೇಕು. ಒರೆ ಎಂದರೆ ಕಾವಲು.

ಅದನ್ನು ಓಟದ ಸಾಮಾನು ಮಾಡಿದ್ದು ಇಪ್ಪತ್ತನೇ ಶತಮಾನ. ಬೆಲ್ಟಿನ ಕೆಳಭಾಗವನ್ನೇ ನಾಲಗೆಯಂತೆ ಇಳಿಬಿಟ್ಟು, ಅದರ ಸೀಳಿನಲ್ಲಿ ಒರೆ ತೂಗುಹಾಕುವ ‘ಬಸ್ಕದೇರೊ’ ಮಾದರಿ ನಾವೆಲ್ಲ ಪರದೆಯ ಮೇಲೆ ಕಂಡದ್ದು. ಟೆಕ್ಸಸ್‌ನ ಜೀನಗಾರ ಸ್ಯಾಮ್ ಮೈರ್ಸ್ ಅದನ್ನು ರೂಪಿಸಿದ ಎನ್ನುವುದು ರೂಢಿಯ ಮಾತು. ವಯಟ್ ಅರ್ಪನ ಕಾಲದಲ್ಲಿ ಅದು ಇರಲೇ ಇಲ್ಲ. ಹಾಲಿವುಡ್ಡಿಗೆ ಅದು ಸಿಕ್ಕಿದ್ದೇ ತಡ, ಸ್ವೀಡನ್ನಿನಿಂದ ಬಂದ ಎಡ್ವರ್ಡ್ ಬೋಲಿನ್ ಬೆಳ್ಳಿ ಕುಸುರಿ ಹಚ್ಚಿ ನಟರ ಸೊಂಟಗಳನ್ನು ತೇರಿನಂತೆ ಸಿಂಗರಿಸಿದ. ಬಳಿಕ ಆರ್ವೊ ಓಯಾಲ ಬಂದ. ಎರಡು ಪದರ ಚರ್ಮದ ನಡುವೆ ಲೋಹದ ತಗಡು ಇಟ್ಟು, ಒರೆಯೊಳಗೆ ಇರುವಾಗಲೇ ರಿವಾಲ್ವರಿನ ಗಾಲಿ ಸಲೀಸಾಗಿ ತಿರುಗುವಂತೆ ಮಾಡಿ, ಅದಕ್ಕೆ 1958ರಲ್ಲಿ ಪೇಟೆಂಟ್ ಪಡೆದ. ‘ಗನ್‌ಸ್ಮೋಕ್’ ಎಂಬ ಟೀವಿ ಧಾರಾವಾಹಿಯ ಆರಂಭದ ದೃಶ್ಯದಲ್ಲಿ ಮಾರ್ಷಲ್ ಡಿಲನ್ನನ ಎದುರು ನಿಂತು ವಾರವಾರವೂ ಗುಂಡು ತಿನ್ನುತ್ತಿದ್ದವನೂ ಇವನೇ. ನಟರಿಗೆ ಪಿಸ್ತೂಲು ಸೆಳೆಯುವುದನ್ನು ಕಲಿಸುತ್ತಿದ್ದ ಗುರು ಪರದೆಯ ಮೇಲೆ ಪ್ರತಿ ವಾರವೂ ಸೋಲಬೇಕಿತ್ತು! ಆ ಹುಚ್ಚಿನ ಅಲೆ ರಾಮನಗರದ ಬಂಡೆಗಳವರೆಗೂ ಬಂದು ತಾಗಿತು. 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ಬಂಡೆಯ ಮೇಲೆ ಬೆಲ್ಟು ಎಳೆದುಕೊಂಡು ನಡೆಯುವ ಸದ್ದು ಯಾರಿಗೆ ನೆನಪಿಲ್ಲ?

ಸಂಗ್ರಾಹಕರು ಸಿನಿಮಾದ್ದನ್ನೂ ಕೂಡಿಡುತ್ತಾರೆ, ಬೇಡವೆನ್ನುವುದಿಲ್ಲ. ಆದರೆ ಜೀವ ಹಿಡಿದು ಹುಡುಕುವುದು ಆ ಹಳೆಯ ಆಳದ ಒರೆಗಳನ್ನು. ಕ್ಯಾಲಿಫೋರ್ನಿಯಾದ ಜಾನ್ ಬಿಯಾಂಕಿ ಪೊಲೀಸ್ ಕೆಲಸದಲ್ಲಿದ್ದಾಗಲೇ ಒರೆ ಹೊಲಿಯತೊಡಗಿ, ಅದನ್ನೇ ದೊಡ್ಡ ಕಾರ್ಖಾನೆ ಮಾಡಿದವರು. ಅವರು ಕೂಡಿಟ್ಟ ಹಳೆಯ ಪಶ್ಚಿಮದ ಆಯುಧ, ಚರ್ಮದ ಸಾಮಾನುಗಳ ಭಂಡಾರ ಮುಂದೆ ನಟ, ಗಾಯಕ ಜೀನ್ ಆಟ್ರಿ ಕಟ್ಟಿಸಿದ ಲಾಸ್ ಏಂಜಲೀಸಿನ ಮ್ಯೂಸಿಯಂ ಸೇರಿತು. ಅದು ತೆರೆದದ್ದು 1988ರಲ್ಲಿ. ರಿಚರ್ಡ್ ರಾಟೆನ್‌ಬರಿ 1993ರಲ್ಲಿ ಹೊರತಂದ ‘ಪ್ಯಾಕಿಂಗ್ ಐರನ್’ ಎಂಬ ಗ್ರಂಥ ಈ ಮಂದಿಗೆ ಪಂಚಾಂಗವಿದ್ದಂತೆ.

ಹಳೆಯ ಒರೆ ಕೈಗೆ ಬಂದರೆ ಬಲ್ಲವರು ಮೊದಲು ಹುಡುಕುವುದು ಅಂಗಡಿಯ ಮುದ್ರೆ. ಡೆನ್ವರಿನ ಹೈಸರ್, ಪ್ಯೂಬ್ಲೊದ ಫ್ರೇಜರ್, ಮೈಲ್ಸ್ ಸಿಟಿಯ ಫರ್ಸ್ಟ್‌ನೌ ಮುಂತಾದವರ ಮುದ್ರೆಯಿದ್ದರೆ ಬೆಲೆ ಏರುತ್ತದೆ. ಅದಕ್ಕೇ ಕಳ್ಳಮುದ್ರೆಗಳೂ ಇವೆ. ಮುದ್ರೆ ಸುಳ್ಳಾಡಬಹುದು, ಸವೆತ ಸುಳ್ಳಾಡುವುದು ಕಷ್ಟ. ಖಾಲಿ ಒರೆಯ ಹೊಟ್ಟೆಯನ್ನು ಬೆರಳಿನಿಂದ ಸವರಿದರೆ ಅದರಲ್ಲಿ ಯಾವ ರಿವಾಲ್ವರು ಮಲಗಿತ್ತೆಂದು ಗೊತ್ತಾಗುತ್ತದೆ: ಗಾಲಿಯ ಉಬ್ಬು ಎಲ್ಲಿ, ನಳಿಗೆ ಏಳೂವರೆ ಇಂಚಿನದೋ ಐದೂವರೆಯದೋ ಅಥವಾ ಇನ್ನೂ ಗಿಡ್ಡದ್ದೋ. ಉದ್ದ ನಳಿಗೆಗೆಂದು ಹೊಲಿದದ್ದನ್ನು ತುದಿಯಲ್ಲಿ ಕತ್ತರಿಸಿದ್ದರೆ, ಒಡೆಯ ನಡುವೆ ಗಿಡ್ಡ ಪಿಸ್ತೂಲು ಕೊಂಡಿದ್ದಾನೆ ಎಂದರ್ಥ. ಬೆಲ್ಟಿನ ಕುಣಿಕೆಗಳೊಳಗೆ ಹಸಿರು ಕಿಲುಬು ಇರಬೇಕು. ಚರ್ಮದ ಒಗರು ಹಿತ್ತಾಳೆಯನ್ನು ತಿಂದು ಉಳಿಸಿದ್ದು ಅದು. ಇದೇ ಕಾರಣಕ್ಕೆ ಪಿಸ್ತೂಲನ್ನು ವರ್ಷಗಟ್ಟಲೆ ಒರೆಯಲ್ಲೇ ಇಡಬಾರದು ಎನ್ನುತ್ತಾರೆ. ಕಾವಲುಗಾರನೇ ಕಬ್ಬಿಣವನ್ನು ಮೇಯತೊಡಗುತ್ತಾನೆ. ಹೊಸ ಸಂಗ್ರಾಹಕರು ಮಾಡುವ ದೊಡ್ಡ ತಪ್ಪು, ಒಣಗಿದ ಹಳೆಯ ಚರ್ಮಕ್ಕೆ ಪ್ರೀತಿಯಿಂದ ಎಣ್ಣೆ ಕುಡಿಸುವುದು. ಬಣ್ಣ ಕಪ್ಪಿಡುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ, ನೂರು ವರ್ಷದ ಕುರುಹು ಒಂದು ಸಂಜೆಯಲ್ಲಿ ಅಳಿಸಿಹೋಗುತ್ತದೆ.

ಕೊಳ್ಳಲಾಗದವರು ಹೊಲಿಯುತ್ತಾರೆ. ಕೊಂಡವರೂ ಕೊನೆಗೆ ಹೊಲಿಯಲು ಕೂರುತ್ತಾರೆ. ಇದಕ್ಕೆ ಮನೆಯಲ್ಲಿ ಬಂದೂಕು ಇರಬೇಕೆಂದಿಲ್ಲ. ನಿಜವಾದ ರಿವಾಲ್ವರಿನ ಅಳತೆಗೇ ಎರಕ ಹೊಯ್ದ ನೀಲಿ ಪ್ಲಾಸ್ಟಿಕ್ಕಿನ ಗೊಂಬೆ ಪಿಸ್ತೂಲುಗಳು ಸಿಗುತ್ತವೆ, ಅಚ್ಚಿಗೆ ಅದೇ ಸಾಕು.

ಚರ್ಮ ಮಾತ್ರ ರಾಜಿಯಿಲ್ಲ. ಕ್ರೋಮಿನ ಲವಣದಲ್ಲಿ ಹದಮಾಡಿದ ಮೆತ್ತನೆಯ ಚರ್ಮ ಆಗದು. ಅದು ಆಕಾರ ಹಿಡಿಯುವುದಿಲ್ಲ, ಲೋಹಕ್ಕೂ ಒಳ್ಳೆಯದಲ್ಲ. ಮರದ ತೊಗಟೆಯ ಒಗರಿನಲ್ಲಿ ವಾರಗಟ್ಟಲೆ ನೆನೆದ ದನದ ಚರ್ಮವೇ ಬೇಕು. ಸೇಂಟ್ ಲೂಯಿಸ್‌ನ ಹರ್ಮನ್ ಓಕ್ ಹದಗಾರಿಕೆ 1881ರಿಂದ, ಅಂದರೆ ಓ.ಕೆ. ಕೊರಾಲಿನ ವರ್ಷದಿಂದ, ಇಂಥ ಚರ್ಮ ಮಾಡುತ್ತಿದೆ. ನಮ್ಮವರಿಗೆ ಇದು ಅಪರಿಚಿತವೇನಲ್ಲ. ಅಥಣಿಯ ಕಡೆ ಚಪ್ಪಲಿಗೆ ಕರಿಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುವುದೂ ಇದೇ ಜಾತಿಯ ಚರ್ಮ. ಒರೆಗೆ 3ರಿಂದ 4 ಮಿಲಿಮೀಟರ್ ದಪ್ಪ ಬೇಕು. ಅಮೆರಿಕದವರು ಅದನ್ನು 8ರಿಂದ 10 ಔನ್ಸ್ ಎಂದು ತೂಕದ ಮಾತಿನಲ್ಲಿ ಹೇಳುತ್ತಾರೆ; ಒಂದು ಔನ್ಸ್ ಎಂದರೆ ಇಂಚಿನ 64ನೇ ಒಂದು ಪಾಲು ದಪ್ಪ.

ಕಾಗದದ ನಮೂನೆ ಇಟ್ಟು ಕತ್ತರಿಸಿದ ಮೇಲೆ ಕೆತ್ತನೆ. ಇದಕ್ಕೆ ಚರ್ಮವನ್ನು ಒದ್ದೆ ಮಾಡಿ, ಮತ್ತೆ ತನ್ನ ಮೊದಲಿನ ಬಣ್ಣಕ್ಕೆ ತಿರುಗುವವರೆಗೆ ಬಿಡಬೇಕು. ಹೊರಗೆ ಒಣಗಿದಂತೆ ಕಾಣಬೇಕು, ಒಳಗೆ ತೇವ ಇರಬೇಕು. ಪಳಗಿದವರು ಅದನ್ನೆತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ತಣ್ಣಗೆನಿಸಿದರೆ ಹದ ಬಂದಿದೆ. ಆಗ ತೋರುಬೆರಳಿನ ತುದಿಗೆ ಆನಿಸಿ ತಿರುಗಿಸುವ ಸ್ವಿವೆಲ್ ಕತ್ತಿಯಲ್ಲಿ ಹೂಬಳ್ಳಿಯ ಗೆರೆ ಕೊಯ್ದು, ಗೆರೆಯ ಒಂದು ಬದಿಯನ್ನು ಉಕ್ಕಿನ ಅಚ್ಚಿನಿಂದ ತಟ್ಟಿ ತಗ್ಗಿಸಿದರೆ ಎಸಳು ಮೇಲೇಳುತ್ತದೆ. ವಯೋಮಿಂಗಿನ ಷೆರಿಡನ್ ಊರಿನ ಡಾನ್ ಕಿಂಗ್ ಒತ್ತೊತ್ತಾಗಿ ಸುತ್ತುವ ಬಳ್ಳಿಗಳ ನಡುವೆ ಕಾಡುಗುಲಾಬಿ ಅರಳಿಸಿದ ಬಗೆ ಇಂದು ‘ಷೆರಿಡನ್ ಶೈಲಿ’ ಎಂದೇ ಹೆಸರಾಗಿದೆ.

ಹೊಲಿಗೆಯಲ್ಲಿ ಎರಡು ಗುಟ್ಟುಗಳಿವೆ. ಮಡಿಕೆಯ ಎರಡು ಅಂಚುಗಳ ನಡುವೆ ಚರ್ಮದ ಒಂದು ಪಟ್ಟಿ ಇಡುತ್ತಾರೆ. ನಳಿಗೆಯ ತುದಿಯಲ್ಲಿರುವ ಗುರಿಮೊನೆ ಒಳಗಿನಿಂದ ಉಜ್ಜಿ ಉಜ್ಜಿ ದಾರವನ್ನು ಕೊಯ್ಯದಂತೆ ಈ ಪಟ್ಟಿ ಅಡ್ಡ ನಿಲ್ಲುತ್ತದೆ. ಇನ್ನೊಂದು, ಒಂದೇ ದಾರದ ಎರಡು ತುದಿಗೂ ಸೂಜಿ. ಆರಿಯಿಂದ ತೂತು ಮಾಡಿ, ಎರಡು ಸೂಜಿಯನ್ನೂ ಅದೇ ತೂತಿನಲ್ಲಿ ಎದುರುಬದುರಾಗಿ ಹಾಯಿಸಿ, ಎರಡು ಕೈಯಲ್ಲೂ ಬಿಗಿಯಾಗಿ ಎಳೆಯುವುದು. ಒಂದು ಕಡೆ ದಾರ ಕಡಿದರೂ ಇನ್ನೊಂದು ಕಡೆಯದು ಹಿಡಿದುಕೊಂಡಿರುತ್ತದೆ. ನಮ್ಮ ಸಮಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಚನ್ನು ತರಿದು, ತೇವ ಮಾಡಿ, ಮರದ ಕಡ್ಡಿಯಿಂದ ತೀಡಿ ತೀಡಿ ಜೇನುಮೇಣ ಹಚ್ಚಿದರೆ ಎರಡು ಪದರವಿತ್ತೆಂಬುದೇ ಕಾಣದಷ್ಟು ನುಣುಪು.

ಕೊನೆಗೆ ಒರೆಯನ್ನು ಪೂರ್ತಿ ನೀರಿಗೆ ಅದ್ದಿ, ಪ್ಲಾಸ್ಟಿಕ್ ಸುತ್ತಿದ ಪಿಸ್ತೂಲನ್ನು ಒಳಗೆ ಒತ್ತಿ ಕೂರಿಸಿ, ಜಿಂಕೆಯ ಕೊಂಬಿನ ತುಂಡಿನಿಂದಲೋ ನಯವಾದ ಮೂಳೆಯಿಂದಲೋ ಗಾಲಿಯ ಸುತ್ತ, ನಳಿಗೆಯ ಗುಂಟ ತೀಡುತ್ತಾರೆ. ಬಿಸಿಲಿಗೆ ಇಡುವಂತಿಲ್ಲ, ನೆರಳಲ್ಲೇ ಒಣಗಬೇಕು. ಮರುದಿನ ಪಿಸ್ತೂಲು ತೆಗೆದು ಒರೆಗೆ ತೆಳ್ಳಗೆ ಎಣ್ಣೆ ಸವರಿ, ಮತ್ತೆ ಒಳಗಿಟ್ಟು, ಒರೆಯನ್ನು ತಲೆಕೆಳಗು ಮಾಡಿ ಹಾಸಿಗೆಯ ಮೇಲೆ ಹಿಡಿದು ಜೋರಾಗಿ ಕೊಡವುತ್ತಾರೆ. ಪಿಸ್ತೂಲು ಅಲುಗದೆ ಉಳಿದರೆ ತುದಿಯಲ್ಲಿ ತಮ್ಮ ಮುದ್ರೆ ಒತ್ತುತ್ತಾರೆ. ಬಿದ್ದರೆ ಮತ್ತೆ ನೀರಿನ ಬೋಗುಣಿಗೆ.