ಮೆಣಸಿನ ರಾಯಭಾರ, ಮರಳಿನ ಲೆಕ್ಕ

ಕುಂದಲಹಳ್ಳಿ ಗೇಟಿನಿಂದ ವೈಟ್‌ಫೀಲ್ಡಿಗೆ ಸಾಗುವ ರಸ್ತೆಗೆ ವಿದೇಶಿ ವ್ಯಾಪಾರ ನಿಯೋಗಗಳು ಹೊಸತಲ್ಲ. ಸಿಂಗಪುರದ ಸಹಭಾಗಿತ್ವದಲ್ಲಿ 1990ರ ದಶಕದಲ್ಲಿ ಐಟಿಪಿಎಲ್ ತಲೆಯೆತ್ತಿದ ಮೇಲೆ ಅವುಗಳ ಭೇಟಿ ಇಲ್ಲಿ ಮಾಮೂಲಿಯಾಗಿದೆ. ಅತಿಥಿಗಳು ಬರುತ್ತಾರೆ, ಒಡಂಬಡಿಕೆಗೆ ಸಹಿ ಹಾಕುತ್ತಾರೆ, ಹಿಂದಿರುಗುತ್ತಾರೆ. ಕಡತ ಉಳಿಯುತ್ತದೆ, ಕಾಂಪೌಂಡಿನ ಆಚೆಗಿನ ಊರು ಅದರಲ್ಲಿ ಕಾಣಿಸುವುದಿಲ್ಲ. ನಾಲ್ಕು ಶತಮಾನಗಳ ಹಿಂದೆ ಕನ್ನಡ ನಾಡಿಗೆ ಬಂದ ಒಂದು ನಿಯೋಗದ ಮಟ್ಟಿಗೆ ಮಾತ್ರ ಹಾಗಾಗಲಿಲ್ಲ.

1623ರ ಅಕ್ಟೋಬರಿನಲ್ಲಿ ಗೋವಾದ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳುಹಿಸಿದರು. ಕರಾವಳಿಯ ಬಂಗ ಅರಸನ ವಿವಾದ ಒಂದು ಕಡೆ, ಕರಿಮೆಣಸಿನ ವ್ಯವಹಾರ ಇನ್ನೊಂದು ಕಡೆ. ಈ ತಂಡದ ಜೊತೆ ಹೊರಟವನು ರೋಮಿನ ಶ್ರೀಮಂತ ಪಿಯೆತ್ರೊ ದೆಲ್ಲಾ ವಾಲ್ಲೆ. ಪರ್ಷಿಯಾದಲ್ಲಿ ತೀರಿಕೊಂಡ ಪತ್ನಿಯ ಕಳೇಬರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಈತನಿಗೆ ಮಾರಲು ಸರಕಿರಲಿಲ್ಲ, ಕೊಳ್ಳಬೇಕಾದುದೂ ಇರಲಿಲ್ಲ. ಬಹುಶಃ ಆದುದರಿಂದಲೇ ಅವನ ಕಣ್ಣು ಬೇರೆಡೆಗೆ ಹರಿಯಿತು.

ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವೇರಿದ ಅವನು ದಾರಿಯ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರನ್ನು ಕಂಡ. ಉಪಾಧ್ಯಾಯರಿಲ್ಲ. ನೆಲದ ಮೇಲೆ ನುಣುಪು ಮರಳು ಹರಡಿ, ಲೆಕ್ಕವನ್ನು ರಾಗವಾಗಿ ಹೇಳುತ್ತಾ ಬೆರಳಿನಿಂದ ಅಂಕಿ ತಿದ್ದುತ್ತಿದ್ದರು. ಸಂದೇಹ ಬಂದರೆ ಏನು ಮಾಡುವಿರೆಂದು ಕೇಳಿದ್ದಕ್ಕೆ, ನಾಲ್ವರಿಗೂ ಒಂದೇ ಕ್ಷಣದಲ್ಲಿ ಒಂದೇ ತೊಡಕು ಎದುರಾಗಲಾರದು, ಒಬ್ಬ ಮರೆತರೆ ಇನ್ನೊಬ್ಬ ಕಲಿಸುತ್ತಾನೆ ಎಂದರಂತೆ. ಇಂದಿನ ಸಾಫ್ಟ್‌ವೇರ್ ತಂಡಗಳಿಗೂ ಒಪ್ಪುವ ಮಾತು! ದೇಶೀ ಶಿಕ್ಷಣದ ಇತಿಹಾಸ ಬರೆದವರು ಈ ಪುಟಕ್ಕೆ ಮತ್ತೆ ಮತ್ತೆ ಮರಳಿರುವುದರಲ್ಲಿ ಆಶ್ಚರ್ಯವಿಲ್ಲ.

ಅದೇ ಪುಸ್ತಕದಲ್ಲಿ ಇಕ್ಕೇರಿಯ ಬೀದಿಯಲ್ಲಿ ಸಹಗಮನಕ್ಕೆ ಸಿದ್ಧಳಾದ ವಿಧವೆಯೂ ಇದ್ದಾಳೆ. ಅವನು ಬರೆದುಕೊಂಡ ಹೆಸರು ನಮ್ಮ ‘ಜಕ್ಕಮ್ಮ’ ಇರಬಹುದು. ಚಿಕ್ಕ ಮಕ್ಕಳನ್ನು ನೆನಪಿಸಿ ಅವಳ ಮನಸ್ಸನ್ನು ತಿರುಗಿಸಲು ನೋಡಿದ ಆತ, ಸೋತ ಮೇಲೆ ಅವಳನ್ನು ಕವಿತೆಯಲ್ಲಿ ಅಮರಗೊಳಿಸುವುದಾಗಿ ಹೇಳಿದ. ಆ ಹೊಗಳಿಕೆ ಇಂದು ನಮ್ಮನ್ನು ಕಸಿವಿಸಿಗೊಳಿಸುತ್ತದೆ. ಮುಂದೆ ಮಂಗಳೂರಿನ ಸೀಮೆಯಲ್ಲಿ, ಕಾಲುವೆಯ ಕೆಲಸವನ್ನು ನಿಂತು ನೋಡಿಕೊಳ್ಳುತ್ತಿದ್ದ ಬರಿಗಾಲಿನ ಉಳ್ಳಾಲದ ರಾಣಿಯನ್ನೂ ಅವನು ಕಂಡ. ಮರಳಿನ ಲೆಕ್ಕವನ್ನು ಮಾತ್ರ ಆಯ್ದುಕೊಂಡು ಹೆಮ್ಮೆಪಡುವುದಾಗಲೀ, ಚಿತೆಯನ್ನು ಮಾತ್ರ ಎತ್ತಿ ಹಳಿಯುವುದಾಗಲೀ ಪ್ರಾಮಾಣಿಕ ಓದಲ್ಲ.

ಗೆಳೆಯನಿಗೆ ಬರೆದ ಪತ್ರಗಳಾಗಿದ್ದ ಈ ಬರಹಗಳಲ್ಲಿ ಭಾರತದ ಭಾಗ ರೋಮಿನಲ್ಲಿ ಅಚ್ಚಾದುದು 1663ರಲ್ಲಿ, ಲೇಖಕ ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ. ಹಳೆಯ ಇಂಗ್ಲಿಷ್ ಅನುವಾದವನ್ನು ಎಡ್ವರ್ಡ್ ಗ್ರೇ 1892ರಲ್ಲಿ ಹಕ್ಲೂಯಿಟ್ ಸೊಸೈಟಿಗಾಗಿ ಟಿಪ್ಪಣಿಗಳೊಡನೆ ಸಂಪಾದಿಸಿದರು. ಮೂಲ ಮುದ್ರಣ ಇಂದು ಸಂಗ್ರಾಹಕರ ಸೊತ್ತು. 1892ರ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ಇಂಥ ಬರಹಗಳನ್ನು ಕನ್ನಡಕ್ಕೆ ತರುವ ದಾರಿಯನ್ನು ಬಹಳ ಹಿಂದೆಯೇ ತೋರಿದ್ದಾರೆ.

ಆಗಬೇಕಾದ ಕೆಲಸ ಇನ್ನೂ ಇದೆ. ಈ ಪರದೇಶಿಯ ಮಾತನ್ನು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದ ಪಕ್ಕದಲ್ಲಿಟ್ಟು, ಶಾಸನ ಹಾಗೂ ಕೆಳದಿಯ ವಸ್ತುಸಂಗ್ರಹಾಲಯದ ದಾಖಲೆಗಳೊಡನೆ ತಾಳೆ ನೋಡಬೇಕು. ಆಸ್ಥಾನದ ಕವಿ ಅರಸರ ವಂಶವನ್ನು ಬರೆದ. ಜಗಲಿಯ ಹುಡುಗರನ್ನು ಬರೆದವನು ದಾರಿಹೋಕ. ಎರಡನ್ನೂ ಕೂಡಿಸಿ ಓದಿದಾಗಲೇ ಚರಿತ್ರೆ ಪೂರ್ಣವಾದೀತು. ನಮ್ಮ ಐಟಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಲ್ಲಿ ಒಂದು ಚೂರು ಇಂಥ ಕೆಲಸಕ್ಕೆ ಸಂದರೆ ಅದು ದಾನವೆನಿಸದು. ವ್ಯಾಪಾರದ ನೆಪದಲ್ಲಿ ಜಗತ್ತು ಈ ನಾಡಿನ ಬಾಗಿಲು ತಟ್ಟಿದ್ದು ಕುಂದಲಹಳ್ಳಿಯಲ್ಲೇ ಮೊದಲಲ್ಲವೆಂಬ ಅರಿವಾದರೂ ಅದರಿಂದ ಮೂಡುತ್ತದೆ.